ಸೀಲಿನ ಕೆಳಗೆ ಬಿಟ್ಟ ಜಾಗ

ಬೆಳಿಗ್ಗೆ ಐದೂವರೆಗೆ ಎದ್ದು ನೀರಿನ ಮೋಟರ್ ಹಾಕಿದೆ. ಹಾಲು ಕಾಯಿಸಿದೆ. ಇವರ ಡಬ್ಬಿಗೆ ಚಪಾತಿ, ಬೀನ್ಸ್ ಪಲ್ಯ ಕಟ್ಟಿ, ಅಂಬತ್ತೂರಿನ ಫ್ಯಾಕ್ಟರಿ ಬಸ್ಸು ತಪ್ಪದ ಹಾಗೆ ಕಳಿಸಿದೆ. ಮಗಳು ಮೇಘಾಳನ್ನು ಮೂರು ಸಲ ಎಬ್ಬಿಸಿದೆ, ನಾಲ್ಕನೆಯ ಸಲ ಫ್ಯಾನು ಆರಿಸಿದೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ದೇವರ ಮುಂದಿನ ವಿಭೂತಿ ಗಟ್ಟಿ ಸವೆದು ಚೂರಾಗಿತ್ತು, ಹೊಸದು ತೆಗೆದಿಟ್ಟೆ. ಒಗೆದ ಬಟ್ಟೆ ಹರವಿ, ಪಕ್ಕದ ಮನೆಯಲ್ಲಿ ಕೀಲಿ ಕೊಟ್ಟು, ಹನ್ನೊಂದರ ಲೋಕಲ್ ರೈಲು ಹಿಡಿದು ಮದರಾಸಿನ ಹಳೆಯ ಪೇಟೆ ಪ್ಯಾರೀಸ್ ಕಾರ್ನರಿಗೆ ಹೋದೆ. ಅಲ್ಲೊಂದು ಗಲ್ಲಿಯಲ್ಲಿ ಮೊನ್ನೆ ಮಾಡಲು ಹೇಳಿಬಂದಿದ್ದ ರಬ್ಬರ್ ಸೀಲು ತಯಾರಾಗಿತ್ತು. ಅಂಗಡಿಯಾಕೆ ಅದನ್ನು ಇಂಕಿನ ಪ್ಯಾಡಿಗೆ ಒತ್ತಿ, ಹಳೆಯ ಬಿಲ್ಲೊಂದರ ಹಿಂದೆ ಹೊಡೆದು ತೋರಿಸಿದಳು. "ಎನ್ನಮ್ಮಾ ಇದು, ತೆಲುಂಗಾ?" ಅಂದಳು. ಕನ್ನಡ ಅಂದೆ. "ಅಳಗಾ ಇರುಕ್ಕು, ಮುರುಕ್ಕು ಮಾದಿರಿ" ಎಂದು ನಕ್ಕಳು. ಚಕ್ಕುಲಿ ಸುತ್ತಿದ ಹಾಗೆ ಚೆಂದ ಕಾಣುತ್ತವಂತೆ ನಮ್ಮ ಅಕ್ಷರ. ನಾನೂ ನಗಬೇಕಿತ್ತು. ಆದರೆ ಅಷ್ಟರಲ್ಲಿ ಆ ನೇರಳೆ ಇಂಕಿನ ವಾಸನೆ ಮೂಗಿಗೆ ಬಡಿದಿತ್ತು. ಸ್ಪಿರಿಟ್ಟಿನ ಖಾರ, ಅದರ ಹಿಂದೆ ಒಂದಿಷ್ಟು ಸಿಹಿ, ಅದರ ಹಿಂದೆ ಹಳೆಯ ಒದ್ದೆ ಬಟ್ಟೆ. ಆ ವಾಸನೆ ನನ್ನ ಬೆರಳಿನಲ್ಲಿ ಆರೇಳು ವರ್ಷ ಇತ್ತು. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ ಬರುತ್ತಿತ್ತು. ಅಂಗಡಿಯ ಮೆಟ್ಟಿಲ ಮೇಲೆ, ಜನ ಸರಕು ಹೊತ್ತು ತಳ್ಳಾಡುವ ಆ ಗದ್ದಲದಲ್ಲಿ, ಹನ್ನೆರಡು ವರ್ಷದ ಹುಡುಗಿಯಂತೆ ಬೆರಳು ಮೂಸಿಕೊಂಡು ನಿಂತೆ.

ನನಗೆ ಸಿಟ್ಟು ಬರುವುದು ಕಡಿಮೆ. ಕೆಲಸದವಳು ಹೇಳದೆ ಕೇಳದೆ ವಾರ ರಜೆ ಹಾಕಿದರೂ, ಮೇಲಿನ ಮನೆಯ ನೀರು ನಮ್ಮ ಬಚ್ಚಲಿಗೆ ಸೋರಿದರೂ ಎರಡು ಮಾತಿನಲ್ಲಿ ಮುಗಿಸುವವಳು ನಾನು. ಆದರೆ ಹೋದ ಶನಿವಾರದಿಂದ ಎದೆಯಲ್ಲಿ ಒಂದು ಕೆಂಡ ಕೂತಿದೆ, ಆರುತ್ತಿಲ್ಲ. ನಮ್ಮ ಕನ್ನಡ ಸಂಘದವರು ಒಂದು ಸಂಚಿಕೆ ತರುತ್ತಿದ್ದಾರೆ. ಹಳಬರ ಫೋಟೋ ಇದ್ದರೆ ಕೊಡಿ ಅಂದರು. ನಾನು ಗಾರ್ಡ್ ತಾತನ ಫೋಟೋ ಕೊಟ್ಟೆ, ಅವರು ನಕಲು ತೆಗೆದುಕೊಂಡು ವಾಪಸ್ ಕೊಟ್ಟರು. ಗಾರ್ಡ್ ತಾತ ಅಂದರೆ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಭಾನುವಾರ ಭಾನುವಾರ ಸಂಘದ ಜಗಲಿಯಲ್ಲಿ ಕೂತು, ತಮಿಳು ಶಾಲೆಗೆ ಹೋಗುವ ನಮ್ಮಂಥ ಮಕ್ಕಳ ಬೆರಳು ಹಿಡಿದು ಕನ್ನಡ ಅಕ್ಷರ ತಿದ್ದಿಸಿದವರು. ಶನಿವಾರ ಆ ಪುಟದ ಮಾದರಿ ನನ್ನ ಮೊಬೈಲಿಗೆ ಬಂತು. ನೋಡಿದರೆ ತಾತನ ಮುಖ ಇಡ್ಲಿಯ ಹಾಗೆ ನುಣ್ಣಗಾಗಿದೆ. ಕೆನ್ನೆಯ ಗೆರೆ ಇಲ್ಲ, ಗಂಟಲಿನ ನರ ಇಲ್ಲ. ಹಣೆಯಂತೂ ಒರೆಸಿಟ್ಟ ತಟ್ಟೆ. ವಿಭೂತಿಯೇ ಇಲ್ಲ! ಫೋಟೋ ಚೊಕ್ಕ ಮಾಡುವ ಕಂಪ್ಯೂಟರು ಆ ಮೂರು ಬಿಳಿ ಪಟ್ಟೆಗಳನ್ನು ಹಳೆಯ ಕಾಗದದ ಕಲೆ ಅಂದುಕೊಂಡು ಅಳಿಸಿಹಾಕಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಛಾಯಾಚಿತ್ರ: ಸಂಗಪ್ಪ" ಅಂತ ಇತ್ತು. ಸಂಗಪ್ಪ ನನ್ನ ಅಪ್ಪ. ಆ ಫೋಟೋ ಅಪ್ಪ ತೆಗೆದದ್ದಲ್ಲ. ನನ್ನ ಸೋದರತ್ತೆ, ನೀಲತ್ತೆ ತೆಗೆದದ್ದು. ಅವತ್ತು ದೀಪದ ಹಿಂದೆ ನಾನಿದ್ದೆ. ನನಗೆ ಗೊತ್ತು.

ನಮ್ಮ ಮನೆ ಕೋಡಂಬಾಕ್ಕದಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ಇತ್ತು. ಮುಂದಿನ ಕೋಣೆ ಸ್ಟುಡಿಯೋ, ನಡುವಿನದು ಕತ್ತಲೆ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಾವಿ, ಬಾವಿಯ ಪಕ್ಕ ಒಂದು ನುಗ್ಗೆಮರ. ಮನೆಯೆಂಬುದು ಸ್ಟುಡಿಯೋದ ಹಿಂದೆ ಮುದುಡಿ ಕೂತಿತ್ತು ಅನ್ನಬಹುದು. ಹುಳಿ ಕುದಿಯುವ ವಾಸನೆಗೆ ಫೋಟೋ ತೊಳೆಯುವ ಹೈಪೋ ನೀರಿನ ವಾಸನೆ ಸೇರಿ, ಬಂದವರೆಲ್ಲ ಮೂಗು ಸಿಂಡರಿಸುತ್ತಿದ್ದರು. ನಮಗೆ ಅದೇ ಮನೆಯ ವಾಸನೆ. ರೈಲು ಹೋದಾಗ ಗೋಡೆಗೆ ತೂಗುಹಾಕಿದ ಫೋಟೋಗಳೆಲ್ಲ ಟಕಟಕ ಅನ್ನುತ್ತಿದ್ದವು. ಆಗ ಕ್ಯಾಮೆರಾದ ಮುಂದೆ ಕೂತವರಿಗೆ "ಅಲುಗಬೇಡಿ" ಅನ್ನುವ ಬದಲು ರೈಲಿಗೇ "ನಿಲ್ಲಪ್ಪಾ ಒಂದ್ ಗಳಿಗಿ" ಅನ್ನುತ್ತಿದ್ದಳು ನೀಲತ್ತೆ. ಮೂಲತಃ ನಾವು ಗದಗಿನ ಕಡೆಯವರು. ಅಪ್ಪ ಮದರಾಸಿಗೆ ಬಂದು ಸ್ಟುಡಿಯೋ ಹಾಕಿದ ನಾಲ್ಕನೇ ವರ್ಷಕ್ಕೆ, ಗಂಡ ತೀರಿದ ತಂಗಿಯನ್ನು ಕರಕೊಂಡು ಬಂದ. ಹಾಗೆ ಕರಕೊಂಡು ಬಂದದ್ದನ್ನು ಎಲ್ಲರೂ ದೊಡ್ಡದಾಗಿ ಹೊಗಳುತ್ತಿದ್ದರು. ಅಪ್ಪನೂ ಹೊಗಳಿಸಿಕೊಳ್ಳುತ್ತಿದ್ದ. ಬಂದವಳು ಮೂರೇ ತಿಂಗಳಲ್ಲಿ ಸ್ಟುಡಿಯೋದ ಅರ್ಧ ಕೆಲಸ ಹೊತ್ತುಕೊಂಡಳು ಎಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ. ಅಪ್ಪ ಮಾತುಗಾರ. ಬಂದವರನ್ನು ನಗಿಸಿ, ಕ್ಯಾಮೆರಾದ ಕರೀ ಬಟ್ಟೆಯೊಳಗೆ ತಲೆ ತೂರಿಸಿ, ಫೋಟೋ ತೆಗೆಯುವ ರಬ್ಬರ್ ಬುರುಡೆ ಒತ್ತುತ್ತಿದ್ದ. ಒತ್ತುವ ಮೊದಲು ಕಾಲು ಗಂಟೆ ಆ ಮುಖವನ್ನು ನೋಡಿ, ದೀಪವನ್ನು ಅಂಗುಲ ಅಂಗುಲ ಸರಿಸಿ, ಅದನ್ನು ಮುಖವನ್ನಾಗಿ ಮಾಡುತ್ತಿದ್ದವಳು ನೀಲತ್ತೆ. ಸಿನಿಮಾ ಕಂಪನಿಗಳಿಗೆ ಕೊಡಲು ಫೋಟೋ ತೆಗೆಸಿಕೊಳ್ಳುವ ಚಿಕ್ಕಪುಟ್ಟ ನಟಿಯರು, ವರನಿಗೆ ಕಳಿಸಲು ಸೀರೆ ಉಟ್ಟು ಬೆವರುತ್ತಿದ್ದ ಹುಡುಗಿಯರು, ಎಲ್ಲರೂ ಅವಳನ್ನು "ಲೈಟ್ ಅಮ್ಮಾ" ಅನ್ನುತ್ತಿದ್ದರು. ಅವಳಿಗೊಂದು ಹೆಸರಿದೆಯೇ ಎಂದು ಕೇಳಿದವರು ಇಲ್ಲ.

ನನಗೆ ಅವಳು ದೀಪ ಕಲಿಸಲು ಶುರುಮಾಡಿದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ. ಸ್ಟುಡಿಯೋದಲ್ಲಿ ಇದ್ದದ್ದು ಮೂರು ದೀಪ. ದೊಡ್ಡದಕ್ಕೆ ಗೌಡ ಎಂದು ಹೆಸರಿಟ್ಟಿದ್ದಳು. ಎದುರಿಗಿದ್ದದ್ದು, ವೇಷ್ಟಿ ಪಂಚೆಯ ಬಿಳಿ ಬಟ್ಟೆ ಕಟ್ಟಿ ಮೆತ್ತಗೆ ಮಾಡಿದ್ದು, ಗೌಡಸಾನಿ. ಹಿಂದೆ ಮೇಲುಗಡೆ ಕಂಬಕ್ಕೆ ಕಟ್ಟಿದ್ದ ಸಣ್ಣದು ಅಳಿಯ. "ಗೌಡ ಬೈತಾನ, ಗೌಡಸಾನಿ ಸಮಾಧಾನ ಮಾಡ್ತಾಳ. ಅಕೀ ಭಾಳ ಸಮಾಧಾನ ಮಾಡಿದ್ರ ಮಾರಿ ಸಪ್ಪಗ ಆಕ್ಕೈತಿ, ಮಾಡದಿದ್ರ ಅರ್ಧ ಮಾರಿ ಕತ್ತಲ್ಯಾಗ ಹೋಕ್ಕೈತಿ" ಅನ್ನುವಳು. ಅಳಿಯನ ಬಗ್ಗೆ ಕೇಳಿದರೆ ನಗು. "ಅಂವಾ ಹಿಂದಿಂದ ಬರ್ತಾನ, ಎತ್ತರದಾಗ ಕೂಡ್ತಾನ, ಕೆಲಸ ಏನೂ ಮಾಡೂದಿಲ್ಲ. ಆದ್ರ ಅಂವಾ ಬರದಿದ್ರ ಮನಿಗೆ ಕಳೀನ ಇಲ್ಲ ನೋಡು." ಕೂದಲ ಮೇಲೆ, ಹೆಗಲ ಅಂಚಿನ ಮೇಲೆ ಒಂದು ಬೆಳ್ಳಿ ಗೆರೆ ಎಳೆದು, ಮನುಷ್ಯನನ್ನು ಹಿಂದಿನ ಪರದೆಯಿಂದ ಬಿಡಿಸಿ ಕೂರಿಸುವುದು ಆ ಸಣ್ಣ ದೀಪವೇ ಎಂದು ಹೀಗೆ ಕಲಿತೆ. ಅಭ್ಯಾಸಕ್ಕೆ ನನಗೆ ಕೊಟ್ಟದ್ದು ಒಂದು ಕೊಲುವಿನ ಗೊಂಬೆ. ಪಕ್ಕದ ಮನೆಯವರು ನವರಾತ್ರಿ ಮುಗಿದ ಮೇಲೆ ಕಿವಿ ಮುರಿದಿದೆಯೆಂದು ಹೊರಗಿಟ್ಟಿದ್ದ ಚೆಟ್ಟಿಯಾರ್ ಗೊಂಬೆ, ಅಂದರೆ ಅಂಗಡಿ ಶೆಟ್ಟಿ. ಬೋಳುತಲೆ, ಡೊಳ್ಳುಹೊಟ್ಟೆ, ಹಣೆಗೆ ಬಿಳಿ ಬಣ್ಣದ ವಿಭೂತಿ. ಶಾಲೆಯಿಂದ ಬಂದವಳೇ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ದೀಪ ಸರಿಸುವುದು. ಮೂಗಿನ ನೆರಳು ತುಟಿ ಮುಟ್ಟಬಾರದು. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಒಂದೇ ಇರಬೇಕು, ಎರಡಿದ್ದರೆ ಮನುಷ್ಯ ಸುಳ್ಳನ ಹಾಗೆ ಕಾಣುತ್ತಾನೆ. ಕೊರಳ ಕೆಳಗೆ ಹೊಂಡ ಬೀಳಬಾರದು. "ಚೆಟ್ಟಿಯಾರ್ ಸಿಟ್ಟಾಗ್ಯಾನಲ್ಲ, ಏನಂದಿ ಅವಂಗ?" ಎಂದು ಅಡುಗೆಮನೆಯಿಂದ ಬಂದು ಕೇಳುವಳು. ಬಾಗಿಲಲ್ಲಿ ಇಣುಕಿದರೆ ಸಾಕು, ನಾನು ಗೌಡನನ್ನು ಗೇಣು ಹೆಚ್ಚು ಎತ್ತರಕ್ಕೆ ಇಟ್ಟಿದ್ದೇನೆಂದು ಗೊತ್ತಾಗುತ್ತಿತ್ತು.

ಅವಳ ಬಳಿ ಬೆಳಕು ಅಳೆಯುವ ಮೀಟರು ಇರಲಿಲ್ಲ. ಅದು ಅಪ್ಪನ ಕೊರಳಲ್ಲಿ ಇರುತ್ತಿತ್ತು, ಹೆಚ್ಚಾಗಿ ಶೋಕಿಗೆ. ಫೋಟೋಕ್ಕೆ ಯಾರೇ ಬರಲಿ, ಮೊದಲು ಆ ಸ್ಟೂಲಿನ ಮೇಲೆ ತಾನು ಕೂರುವಳು. ಕಣ್ಣು ಮುಚ್ಚಿ, ಎಡಗೆನ್ನೆಗೆ ಎಷ್ಟು ಕಾವು, ಬಲಗೆನ್ನೆಗೆ ಎಷ್ಟು ಎಂದು ನೋಡುವಳು. ನನ್ನನ್ನೂ ಕೂರಿಸುವಳು. "ಕಣ್ಣು ಸುಳ್ಳು ಹೇಳ್ತಾವ, ಕೆನ್ನಿ ಹೇಳೂದಿಲ್ಲ." ಐನೂರು ವ್ಯಾಟಿನ ಬಲ್ಬು, ಮದರಾಸಿನ ಮೇ ತಿಂಗಳು, ತಗಡಿನ ಮಾಡು. ಕೂತವರ ಪೌಡರೆಲ್ಲ ಬೆವರಲ್ಲಿ ಇಳಿಯುತ್ತಿತ್ತು. ಅಂಥದರಲ್ಲಿ ಅವಳು ನಿಧಾನವಾಗಿ, ಹಾಲು ಉಕ್ಕದಂತೆ ನೋಡಿಕೊಳ್ಳುವವರ ಹಾಗೆ, ದೀಪದ ಪಕ್ಕ ನಿಂತಿರುತ್ತಿದ್ದಳು. ನಾನು ಕಲಿತದ್ದರಲ್ಲಿ ದೊಡ್ಡದು ಒಂದೇ ಮಾತು. ಹೊಸಬರು ದೀಪದ ನಟ್ಟನಡುವಿನ ಬೆಳಕನ್ನೇ ಮುಖಕ್ಕೆ ಹಿಡಿಯುತ್ತಾರೆ, ಅಪ್ಪನೂ ಹಾಗೇ. ಅವಳು ದೀಪವನ್ನು ಮುಖದಿಂದ ತುಸು ಆಚೆಗೆ ತಿರುಗಿಸಿ, ಬೆಳಕಿನ ಅಂಚು ಮಾತ್ರ ಸವರಿಕೊಂಡು ಹೋಗುವಂತೆ ಇಡುವಳು. "ನಡೂ ಬ್ಯಾಡ, ಅಂಚು ಬೇಕು. ಸೀರಿ ಇದ್ದಂಗ, ಚೆಂದ ಎಲ್ಲಾ ಅಂಚಿನಾಗ ಇರತೈತಿ" ಅನ್ನುವಳು. ಕೆಲಸ ಮುಗಿದ ಮೇಲೆ ದೀಪಗಳನ್ನು ಕೂಡಲೇ ಮುಟ್ಟಗೊಡುತ್ತಿರಲಿಲ್ಲ. ಬಿಸಿ ಬಲ್ಬು ಅಲುಗಿದರೆ ಒಳಗಿನ ತಂತಿ ಹರಿಯುತ್ತದೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಉಂಡು ಮಲಗಿದ ಮೇಲೂ ಅವಳು ಆ ಕೋಣೆಯಲ್ಲಿ ನೆಲದ ಮೇಲೆ ಕೂತು ದೀಪ ತಣಿಯುವುದನ್ನು ಕಾಯುತ್ತಿದ್ದಳು. ತಣಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಒಂದೊಂದನ್ನೂ ಮುಚ್ಚಿ ಬರುವಳು. ಅವಳು ನನಗಿಂತ ಮೊದಲು ಮಲಗಿದ್ದನ್ನು ನಾನು ಕಂಡಿಲ್ಲ.

ಗಾರ್ಡ್ ತಾತ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಅಪ್ಪ ಯಾವುದೋ ಮದುವೆಯ ಫೋಟೋಕ್ಕೆ ವೇಲೂರಿಗೆ ಹೋಗಿದ್ದ. ಅವ್ವ ತವರಿಗೆ. ನನಗೆ ಶಾಲೆ ರಜೆ. ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆತುಂಬ ಹಸೀ ವಿಭೂತಿ ಮೂರು ಬೆರಳಲ್ಲಿ ಎಳೆದುಕೊಂಡು ಬಂದಿದ್ದರು. ಕಣ್ಣಿನ ಆಪರೇಷನ್ನಿಗೆ ಹೋಗಬೇಕಿತ್ತಂತೆ. "ಅದಕ್ಕೆ ಮೊದಲು ಒಂದು ಫೋಟೋ ಇರಲಿ ಮಗಳೇ. ಆಮೇಲೆ ನಾನೇ ನನ್ನನ್ನು ನೋಡಿಕೊಳ್ಳುತ್ತೇನೋ ಇಲ್ಲವೋ" ಅಂದರು, ತಮಾಷೆಯ ದನಿಯಲ್ಲಿ. ನೀಲತ್ತೆ ಬಾವಿಕಟ್ಟೆಯಲ್ಲಿದ್ದಳು. ಆರು ತಿಂಗಳು ಚೆಟ್ಟಿಯಾರನ ಜೊತೆ ಪಳಗಿದ ನನಗೆ ಇದೇ ಸಮಯ ಅನ್ನಿಸಿತು. ಕೂರಿಸಿದೆ. ಗೌಡನನ್ನು ಹಚ್ಚಿದೆ. ಹಣೆ ಕನ್ನಡಿಯ ಹಾಗೆ ಫಳಾರನೆ ಹೊಳೆಯಿತು. ವಿಭೂತಿ ಹಚ್ಚಿದವರು ಬಂದರೆ ಅಪ್ಪ ಏನು ಮಾಡುತ್ತಿದ್ದ ಎಂದು ನನಗೆ ಗೊತ್ತಿತ್ತು. ಒಂದೋ ಹಾಗೇ ತೆಗೆಯುತ್ತಿದ್ದ. ಆಗ ಮೂರು ಪಟ್ಟೆ ಕೂಡಿ ಹಣೆಗೆ ಸುಣ್ಣ ಬಳಿದ ಹಾಗೆ ಒಂದೇ ಬಿಳಿ ತೇಪೆ ಬರುತ್ತಿತ್ತು. ಇಲ್ಲವೇ ಒದ್ದೆ ಟವೆಲ್ಲು ಕೊಟ್ಟು "ಸ್ವಲ್ಪ ಒರೆಸ್ಕೊಂಡ್ಬಿಡ್ರಿ, ಲೈಟಿಗೆ ಹೊಂದೋದಿಲ್ಲ" ಅನ್ನುತ್ತಿದ್ದ. ನಾನು ಟವೆಲ್ಲು ಒದ್ದೆ ಮಾಡಿ ತಂದೆ. "ತಾತಾ, ಅಳಿಸಿಬಿಡಿ, ಲೈಟಿಗೆ ಹೊಂದೋದಿಲ್ಲ" ಅಂದೆ, ಥೇಟ್ ಅಪ್ಪನ ಧಾಟಿಯಲ್ಲಿ. ತಾತ ನನ್ನ ಮುಖ ನೋಡಿದರು, ಟವೆಲ್ಲು ತಗೊಂಡರು, ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಅಷ್ಟು ವರ್ಷ ಹಸಿರು ನಿಶಾನೆ ತೋರಿಸಿ ರೈಲು ಬಿಟ್ಟ ಕೈ ಒಂದು ಒದ್ದೆ ಬಟ್ಟೆಯನ್ನು ಎತ್ತಲಾರದೆ ಕೂತಿತ್ತು.

ಅಷ್ಟರಲ್ಲಿ ನೀಲತ್ತೆ ಬಂದಳು. ಟವೆಲ್ಲು ನೋಡಿದಳು. ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. "ಏನ್ ಮಾಡಾಕತ್ತಿ? ಹಿರೇರ ಹಣಿ ಅಳಸ್ತೀ? ನಿನಗ ದೀಪಾ ಇಡಾಕ ಬರೂದಿಲ್ಲಂತ ಅವರು ತಮ್ಮ ಹಣಿ ಬಿಟ್ಟು ಕೊಡಬೇಕೇನ? ದೀಪಾ ಸರಸು. ಮನಷಾರ್ನ ಸರಸಬ್ಯಾಡ." ಆಮೇಲೆ ತಾತನ ಕೈಯಿಂದ ಟವೆಲ್ಲು ತಗೊಂಡು ಮೆತ್ತಗೆ "ನೀವ್ ಹಂಗೇ ಕೂಡ್ರಿ ಯಪ್ಪಾ, ನಿಮ್ಮ ಹಣಿಗೆ ಹೊಂದೂವಂಥಾ ಲೈಟ್ ನಮ್ಮ ಕಡೆ ಐತಿ" ಅಂದಳು. ನಾನು ದೀಪದ ಹಿಂದೆ ಅಳುತ್ತ ನಿಂತೆ. ಅವಳು ಗೌಡನನ್ನು ಎತ್ತರದಿಂದ ಇಳಿಸಿ, ಪಕ್ಕಕ್ಕೆ, ತಾತನ ಕಿವಿಗೆ ಸಮವಾಗಿ ತಂದಳು. ಬೆಳಕು ಹಣೆಗೆ ಬಡಿಯದೆ, ಹಣೆಯನ್ನು ಸವರಿ ಹೋಗುವಂತೆ ತಿರುಗಿಸಿದಳು. ಗೌಡಸಾನಿಗೆ ಇನ್ನೊಂದು ಮಡಿಕೆ ಬಟ್ಟೆ ಕಟ್ಟಿದಳು. ಅಂಗುಲ ಈಚೆ, ಅರ್ಧ ಅಂಗುಲ ಆಚೆ. ನಾನು ನೋಡುತ್ತಿದ್ದಂತೆ ಆ ಬಿಳಿ ತೇಪೆ ಒಡೆಯಿತು. ಮೊದಲು ಮೇಲಿನ ಪಟ್ಟೆ ಬೇರೆಯಾಯಿತು, ನಡುವಿನದು, ಆಮೇಲೆ ಕೆಳಗಿನದು. ಪಟ್ಟೆಗಳ ನಡುವೆ ಕಂದು ಚರ್ಮ ಕಂಡಿತು. ಎಡಗೊನೆಯಲ್ಲಿ ಬೆರಳು ಎತ್ತಿದ ಕಡೆ ವಿಭೂತಿ ತೆಳುವಾಗಿ ಪುಡಿಪುಡಿಯಾದದ್ದೂ ಕಂಡಿತು. ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಿಯಿಲ್ಲದೆ, ಅಂದಾಜಿನಲ್ಲಿ ಎಳೆದ ಮೂರು ಬೆರಳು. "ಒರಸ್ಕೊ ಕಣ್ಣ, ಬಾ ಇಲ್ಲಿ. ಈಗ ನೋಡು" ಎಂದು ನನ್ನನ್ನು ಕರೀ ಬಟ್ಟೆಯೊಳಗೆ ಕರೆದಳು. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ತಾತ ತಲೆಕೆಳಗಾಗಿ ಕೂತಿದ್ದರು, ಮೂರು ಪಟ್ಟೆಯೂ ಬಿಡಿಬಿಡಿ. ಬುರುಡೆ ಒತ್ತಿದವಳೂ ಅವಳೇ. ರೈಲು ಬರಲಿಲ್ಲ.

ಅಪ್ಪ ವೇಲೂರಿಂದ ಬಂದು ಆ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮರುದಿನ ಅದರ ದೊಡ್ಡ ಪ್ರತಿ ಮಾಡಿ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ. ಅಲ್ಲಿಂದ ಮುಂದೆ ನಮ್ಮ ಸ್ಟುಡಿಯೋ ಅಂದರೆ ಆ ಫೋಟೋ. ಒಂದು ಮಧ್ಯಾಹ್ನ ಯಾವುದೋ ಸಿನಿಮಾ ಸ್ಟುಡಿಯೋದಲ್ಲಿ ಲೈಟು ಹಾಕುವವರೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ ಒಳಗೆ ಬಂದರು. "ಯಾರ್ ಸಾರ್ ಲೈಟಿಂಗ್ ಪಣ್ಣದು? ತಿರುನೀರ್ ಮೂಣುಂ ತನಿತ್ತನಿಯಾ ತೆರಿಯುದೇ!" ಎಂದು ಕೇಳಿದರು. ಮೂರು ಪಟ್ಟೆಯೂ ಬಿಡಿಬಿಡಿಯಾಗಿ ಕಾಣುತ್ತಿವೆಯಲ್ಲ, ಬೆಳಕು ಇಟ್ಟವರು ಯಾರು ಅಂತ. ಅಪ್ಪ ಕೊರಳಿನ ಮೀಟರು ಸರಿಮಾಡಿಕೊಂಡು ನಕ್ಕ. "ಎಲ್ಲಾಂ ನಮ್ಮ ಕೈವೇಲೈದಾನ್ ಸಾರ್" ಅಂದ. ಎಲ್ಲ ನಮ್ಮದೇ ಕೈಕೆಲಸ. ನೀಲತ್ತೆ ಆಗ ಅವರಿಗೆ ಕಾಫಿ ತಂದು ಇಡುತ್ತಿದ್ದಳು. ಅಪ್ಪ ಕೆಟ್ಟವನಲ್ಲ. ನನ್ನ ಜಡೆ ಹಾಕುತ್ತಿದ್ದ, ಅತ್ತೆಗೆ ಜ್ವರ ಬಂದರೆ ತಾನೇ ಗಂಜಿ ಕಾಯಿಸುತ್ತಿದ್ದ. ಅವನನ್ನು ನೆನೆದು ಎಷ್ಟೋ ಸಲ ಅತ್ತಿದ್ದೇನೆ. ಆದರೆ ಇವತ್ತು ಅಳುವ ಸರದಿಯಲ್ಲ. ಆ ಒಂದು ಗಳಿಗೆಯಲ್ಲಿ "ಇವಳು ಸಾರ್, ನನ್ನ ತಂಗಿ" ಅನ್ನಲು ಎಷ್ಟು ಉಸಿರು ಬೇಕಿತ್ತು? ಕಾಫಿ ಲೋಟ ಮೇಜಿಗೆ ತಾಗುವ ಮೊದಲು ಮುಗಿದುಹೋಗುವ ಮಾತು.

ಅವನನ್ನು ಹೇಳಿ ನಾನು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಒಣಗಿದ ಪ್ರಿಂಟುಗಳ ಹಿಂದೆ ಸೀಲು ಹೊಡೆಯುವುದು ನನ್ನ ಕೆಲಸವಾಗಿತ್ತು. "ಸಂಗಪ್ಪ, ಫೋಟೋಗ್ರಾಫರ್, ಕೋಡಂಬಾಕ್ಕಂ." ಪ್ಯಾಡಿಗೆ ಒತ್ತಿ ಹೊಡೆಯುವುದು, ಒತ್ತಿ ಹೊಡೆಯುವುದು. ಓರೆ ಬಾರದಂತೆ ಹೊಡೆಯುತ್ತೇನೆಂದು ನನಗೆ ಹೆಮ್ಮೆ. ತಾತನ ಫೋಟೋದ ಹಿಂದೆ ಹೊಡೆದವಳೂ ನಾನೇ. ನೀಲತ್ತೆ ಅವತ್ತು ಪಕ್ಕದಲ್ಲಿ ಪ್ರಿಂಟಿನ ಅಂಚು ಕತ್ತರಿಸುತ್ತ ಕೂತಿದ್ದಳು. ಅದೂ ಇದೂ ಮಾತಾಡುತ್ತ, ನನ್ನತ್ತ ನೋಡದೆ, "ನಟ್ಟನಡುವ ಹೊಡೀಬ್ಯಾಡ. ತುಸು ಮ್ಯಾಲೆ ಹೊಡಿ. ಕೆಳಗ ಜಾಗಾ ಇರಲಿ" ಅಂದಳು. ಗಿರಾಕಿಗಳು ತಾರೀಖು ಬರೆದುಕೊಳ್ಳಲಿ ಅಂತಿರಬೇಕು ಎಂದುಕೊಂಡೆ. ಅಂದಿನಿಂದ ಮೇಲೆಯೇ ಹೊಡೆದೆ.

ಬಣ್ಣದ ಫೋಟೋ ಬಂತು, ಗಲ್ಲಿಗೊಂದು ಕಲರ್ ಲ್ಯಾಬು ಬಂತು. ದೀಪ ಮೂರೂ ಸೀರೆಯ ತುಂಡು ಹೊದ್ದು ಮೂಲೆಗೆ ನಿಂತವು. ನಾನು ಮದುವೆಯಾಗಿ ಎರಡೇ ಸ್ಟೇಷನ್ ಆಚೆಗೆ ಹೋದೆ. ಮರುವರ್ಷ ನೀಲತ್ತೆ ತೀರಿದಳು. ಊರಿಗೆಲ್ಲ ಮುಖ ಬಿಡಿಸಿಕೊಟ್ಟ ಅವಳದೊಂದು ಸರಿಯಾದ ಫೋಟೋ ಮನೆಯಲ್ಲಿ ಸಿಗಲಿಲ್ಲ. ರೇಷನ್ ಕಾರ್ಡಿನ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದರು, ಎರಡು ಕಣ್ಣಿನಲ್ಲೂ ಬೆಳಕಿಲ್ಲ. ಇಂಥ ಫೋಟೋ ಯಾರಾದರೂ ತಂದು ತೋರಿಸಿದ್ದರೆ ಅವಳೇ "ಯಾವ ಪುಣ್ಯಾತ್ಮ ತೆಗದಾನವಾ ಇದನ್ನ" ಎಂದು ನಗುತ್ತಿದ್ದಳು. ಅಪ್ಪನೂ ಹೋದ. ಮನೆಯನ್ನು ಕೆಡವಿದರು. ಆ ಜಾಗದಲ್ಲಿ ಈಗ ಬೈಕು ಇಡುವ ತಗಡಿನ ಶೆಡ್ಡು, ಅದರ ಮೇಲೆ ನಾಲ್ಕು ಮಹಡಿ. ನುಗ್ಗೆಮರ ಇದ್ದಲ್ಲಿ ಟ್ರಾನ್ಸ್‌ಫಾರ್ಮರ್. ರೈಲು ಮಾತ್ರ ಹೋಗುತ್ತದೆ, ಟಕಟಕ ಅನ್ನಲು ಗೋಡೆಯಲ್ಲಿ ಏನೂ ಇಲ್ಲ.

ಹೀಗಿರುವಾಗ ಮೊನ್ನೆ ಮಂಗಳವಾರ ಸಂಘದ ಕಾರ್ಯದರ್ಶಿಗಳ ಮುಂದೆ ಹೋಗಿ ಕೂತೆ. ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು, ಮೈಸೂರು ಕಡೆಯ ಮೆದು ಮಾತು. "ಬನ್ನಿ ಬನ್ನಿ, ಫೋಟೋ ಎಷ್ಟು ಕ್ಲೀನಾಗಿ ಬಂದಿದೆ ನೋಡಿದ್ರಾ?" ಅಂದರು. ಹಣೆ ಎಲ್ಲಿ ಅಂದೆ. ಅವರಿಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ, ಪಾಪ, ನಾಲಿಗೆ ಕಚ್ಚಿಕೊಂಡರು. ಅವರೂ ವಿಭೂತಿ ಹಚ್ಚುವವರೇ. "ಛೆ, ಅದು ಹುಡುಗರ ಕೆಲಸ, ಮೂಲ ಫೋಟೋನೇ ಹಾಕ್ಸೋಣ" ಅಂದರು. ಹೆಸರು ಅಂದೆ. "ಹೆಸರು ಸರಿಯಾಗೇ ಇದೆಯಲ್ಲ?" ನಾನು ಚೀಲದಿಂದ ಎರಡು ಫೋಟೋ ತೆಗೆದು ಪಕ್ಕಪಕ್ಕ ಇಟ್ಟೆ. ಒಂದು ಅಪ್ಪ ತಾನೇ ದೀಪವಿಟ್ಟು ತೆಗೆದದ್ದು, ಹಣೆಯ ಮೇಲೆ ಸುಣ್ಣದ ತೇಪೆ. ಇನ್ನೊಂದು ತಾತನದು. ಎಲ್ಲ ಹೇಳಿದೆ. ಟವೆಲ್ಲಿನಿಂದ ಹಿಡಿದು ಎಲ್ಲ. ತಾಳ್ಮೆಯಿಂದ ಕೇಳಿದರು. ಕೇಳಿ, ಫೋಟೋ ತಿರುಗಿಸಿ, ಸೀಲಿನ ಮೇಲೆ ಬೆರಳಿಟ್ಟರು. "ಇಲ್ಲಿ ನಿಮ್ಮ ತಂದೆಯವರ ಸೀಲಿದೆಯಲ್ಲಮ್ಮ. ನಾಳೆ ಯಾರಾದರೂ ಕೇಳಿದರೆ ನಮಗೊಂದು ದಾಖಲೆ ಬೇಕಲ್ವಾ?" ಆ ಸೀಲು ಹೊಡೆದದ್ದು ನಾನು ಸ್ವಾಮೀ ಅಂದೆ. ಅವರು ನಕ್ಕರು. "ಅಲ್ಲಮ್ಮ, ನಿಮ್ಮ ತಂದೆ ಹೆಸರೇ ತಾನೇ ಹಾಕಿರೋದು? ಬೇರೆ ಯಾರದ್ದೋ ಅಲ್ವಲ್ಲ. ಮನೇದು ಮನೇಲೇ ಇದೆ. ಒಂದು ಹೆಸರಿಗೋಸ್ಕರ ಇಷ್ಟು ದೂರ ಬಂದ್ರಾ?"

ಮನೆಯದು ಮನೆಯಲ್ಲೇ ಇದೆ! ಇಷ್ಟು ವರ್ಷ ಅವಳ ಬಾಯಿಗೆ ಬಟ್ಟೆ ತುರುಕಿದ್ದು ಇದೇ ಮಾತು. ಅಣ್ಣನ ಹೆಸರು ತಂಗಿಯದೂ ಹೌದು, ಮನೆಯವರ ಕೆಲಸಕ್ಕೆ ಯಾರ ಹೆಸರಾದರೇನು, ಉಣ್ಣುವುದು ಒಂದೇ ತಟ್ಟೆಯಲ್ಲಲ್ಲವೇ. ಹಾಗಾದರೆ ಒಂದೇ ಒಂದು ಸಲ ಅವಳ ಹೆಸರು ಹಾಕಿ ನೋಡಿ, ಮನೆಯದು ಮನೆಯಲ್ಲೇ ಇರುತ್ತದೆ! ಎಣ್ಣೆ ಮುಗಿದಿದೆ, ತರಬೇಕು ಅನ್ನುವ ದನಿಯಲ್ಲಿ "ಹೌದು ಸ್ವಾಮೀ, ಒಂದು ಹೆಸರಿಗೋಸ್ಕರ" ಅಂದೆ. "ದಾಖಲೆ ಬೇಕಾದರೆ ದಾಖಲೆ ತರ್ತೀನಿ. ಅಲ್ಲೀತನಕ ಆ ಪುಟ ಮುದ್ರಣಕ್ಕೆ ಕೊಡಬೇಡಿ. ಕೊಟ್ಟರೆ ಫೋಟೋ ಹಾಕೋಕೆ ನಾನು ಒಪ್ಪೋದಿಲ್ಲ, ಗಾರ್ಡ್ ತಾತ ಇಲ್ಲದೆ ನಿಮ್ಮ ಸಂಚಿಕೆ ಮಾಡಿಕೊಳ್ಳಿ." ಅವರು ಶುಕ್ರವಾರದವರೆಗೆ ಕಾಯುವುದಾಗಿ ಹೇಳಿದರು. ಅಲ್ಲಿಂದ ಸೀದಾ ಪ್ಯಾರೀಸ್ ಕಾರ್ನರಿಗೆ ಹೋಗಿ, ಒಂದು ಚೀಟಿಯಲ್ಲಿ ಬರೆದುಕೊಟ್ಟೆ. "ಬೆಳಕು: ನೀಲಮ್ಮ."

ಇವತ್ತು ಸೀಲು ತಂದು, ಅಕ್ಕಿ ರುಬ್ಬಿಟ್ಟು, ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಉಳಿದಿರುವ ಹಳೆಯ ಫೋಟೋಗಳೆಲ್ಲ ಅದರಲ್ಲಿವೆ. ಊಟದ ಮೇಜಿನ ಮೇಲೆ ಎಲ್ಲವನ್ನೂ ಬೋರಲು ಹಾಕಿ ಹರವಿದೆ. ಮೇಘಾ ಕೆಲಸದಿಂದ ಬಂದವಳು "ಎನ್ನಮಾ ಇದು? ಇನ್ನುಂ ಅಂದ ಫೋಟೋ ವಿಷಯಮಾ? ವಿಡುಮಾ" ಅಂದಳು. ಇನ್ನೂ ಆ ಫೋಟೋ ವಿಷಯವೇ, ಬಿಟ್ಟುಬಿಡು ಅಂತ. ಬಿಡುವುದಿಲ್ಲ ಅಂದೆ. ಅವಳು ಪಕ್ಕದಲ್ಲಿ ಕೂತು ಒಂದೊಂದಾಗಿ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ, "ಅಮ್ಮಾ, ಕೆಲವದರಲ್ಲಿ ಸೀಲು ನಡುವೆ ಇದೆ, ಕೆಲವದರಲ್ಲಿ ಯಾಕೆ ಇಷ್ಟು ಮೇಲೆ?" ಅಂದಳು. ಅಪರೂಪಕ್ಕೆ ಕನ್ನಡದಲ್ಲಿ. ನಾನು ನೋಡಿದೆ. ತಾತನ ಫೋಟೋಕ್ಕಿಂತ ಮೊದಲಿನವುಗಳಲ್ಲಿ ಸೀಲು ನಟ್ಟನಡುವೆ. ಅಲ್ಲಿಂದ ಮುಂದಿನ ಪ್ರತಿಯೊಂದರಲ್ಲೂ ಮೇಲೆ, ಕೆಳಗೆ ಎರಡು ಬೆರಳಷ್ಟು ಖಾಲಿ. ಯಾರೂ ಅಲ್ಲಿ ತಾರೀಖು ಬರೆದಿರಲಿಲ್ಲ. ಅವಳು ಯಾತಕ್ಕೆ ಹಾಗೆ ಹೇಳಿದಳೆಂದು ನನಗೆ ಖಂಡಿತವಾಗಿ ಗೊತ್ತಿಲ್ಲ. ಇನ್ನು ಕೇಳುವ ಹಾಗಿಲ್ಲ. ಹೊಸ ಸೀಲನ್ನು ಆ ಖಾಲಿಗೆ ಹಿಡಿದು ನೋಡಿದೆ. ಅಳತೆ ತೆಗೆದುಕೊಂಡ ಹಾಗೆ ಕೂತಿತು.

ಅಪ್ಪನೇ ದೀಪವಿಟ್ಟದ್ದನ್ನು ಬಿಟ್ಟು ಒಂದೊಂದೇ ಹೊಡೆದೆ. ಓರೆ ಬರಲಿಲ್ಲ, ಕೈ ಮರೆತಿರಲಿಲ್ಲ. ತಾತನ ಫೋಟೋವನ್ನು ಮೇಘಾಳಿಗೆ ಕೊಟ್ಟೆ, ನೀನು ಹೊಡಿ ಅಂದೆ. ಹೊಡೆದಳು. ಅದರ ಕೆಳಗೆ ನಾನು ಪೆನ್ನಿನಲ್ಲಿ, "ಈ ಫೋಟೋಕ್ಕೆ ಬೆಳಕಿಟ್ಟವಳೂ ತೆಗೆದವಳೂ ನೀಲಮ್ಮ, ನಾನು ಕಣ್ಣಾರೆ ನೋಡಿದ್ದೇನೆ. ಮೇಲಿನ ಸೀಲು ಹೊಡೆದವಳೂ ನಾನೇ" ಎಂದು ಬರೆದು ಸಹಿ ಮಾಡಿದೆ. ಮಗಳು ಅದರ ಫೋಟೋ ತೆಗೆದು ಕಾರ್ಯದರ್ಶಿಗಳಿಗೆ ಕಳಿಸಿದಳು. ತೆಗೆಯುವ ಮೊದಲು ಮೇಜಿನ ದೀಪವನ್ನು ಸೀಲಿಗೆ ನೇರ ಹಿಡಿದಳು, ಇಂಕು ಹೊಳೆದು ಅಕ್ಷರ ಮರೆಯಾಯಿತು. ದೀಪವನ್ನು ತುಸು ತಿರುಗಿಸಿ, ಅಂಚು ಬೀಳುವ ಹಾಗೆ ಇಟ್ಟೆ. "ಓ" ಅಂದಳು. ಕಾರ್ಯದರ್ಶಿಗಳು ನೋಡಿದ ಗುರುತು ಮೊಬೈಲಿನಲ್ಲಿ ಬಂತು. ಉತ್ತರ ಬರಲಿಲ್ಲ. ನಾಳೆ ಶುಕ್ರವಾರ, ಬೆಳಿಗ್ಗೆ ಫೋಟೋ ತಗೊಂಡು ನಾನೇ ಹೋಗುತ್ತೇನೆ.

ರಾತ್ರಿಗೆ ಮೆಣಸಿನ ಸಾರು, ಅನ್ನ, ಸುಟ್ಟ ಹಪ್ಪಳ, ಮಧ್ಯಾಹ್ನದ ಬೀನ್ಸ್ ಪಲ್ಯ ಸ್ವಲ್ಪ ಉಳಿದಿತ್ತು. ನನ್ನ ಬೆರಳಿನ ಇಂಕಿನ ವಾಸನೆ ಅನ್ನದಲ್ಲಿ ಬಂತು, ತೊಳೆಯಲಿಲ್ಲ. ಇವರು ಫ್ಯಾಕ್ಟರಿಯ ದಣಿವಿಗೆ ಎಲ್ಲರಿಗಿಂತ ಮೊದಲು ಮಲಗಿದರು, ಆಮೇಲೆ ಮೇಘಾ. ಮೇಜಿನ ಮೇಲೆ ಫೋಟೋಗಳ ಬೆನ್ನು ಇನ್ನೂ ಹಸಿಯಾಗಿತ್ತು. ಒಂದರ ಮೇಲೊಂದು ಇಟ್ಟರೆ ಹೆಸರು ಕದಡುತ್ತದೆ. ನಾನು ಅವು ಒಣಗುವವರೆಗೆ ಪಕ್ಕದಲ್ಲಿ ಕೂತಿದ್ದೆ.